ಹಿಟ್ಟಿನ ಕೋಳಿಯೂ ಗಣಕಯಂತ್ರದ ಆಟವೂ

ದ್ಯೂತವು ಸಪ್ತವ್ಯಸನಗಳಲ್ಲಿ ಮೊದಲನೆಯದೆಂದು ಬಸದಿಯ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವನು ನಾನು. ಆದುದರಿಂದ ದೀಪಾವಳಿಯ ರಜೆಗೆ ಇಂಡಿಗೆ ಬಂದ ಮೊಮ್ಮಗನು ಮಹಾವೀರ ನಿರ್ವಾಣದ ಪೂಜೆ ಮುಗಿದೊಡನೆ ಗಣಕಯಂತ್ರದ ಮುಂದೆ ಕುಳಿತು ಆಡತೊಡಗಿದಾಗ ನನ್ನ ಮೊದಲ ಮಾತು ಗದರಿಕೆಯೇ ಆಗಿತ್ತು. ಹುಡುಗನು ಎದುರಾಡಲಿಲ್ಲ. “ಅಜ್ಜಾ, ಇದರಾಗ ಮೋಸ ಮಾಡಿದ್ರ ಗೆಲ್ಲಾಕ ಆಗಂಗಿಲ್ಲ. ಒಮ್ಮೆ ಕುಂತು ನೋಡ್ರಿ” ಎಂದನು. ಕುಳಿತೆ. ನಾಲ್ಕು ದಿನ ಕುಳಿತೆನೆಂದು ಒಪ್ಪಿಕೊಳ್ಳಲು ಸಂಕೋಚವೇನೂ ಇಲ್ಲ.

ಆಟದ ಹೆಸರು ‘ಅಲ್ಟಿಮಾ-4: ಕ್ವೆಸ್ಟ್ ಆಫ್ ದಿ ಅವತಾರ್’. ಅಮೇರಿಕದ ರಿಚರ್ಡ್ ಗ್ಯಾರಿಯಟ್ ಎಂಬವರು ರಚಿಸಿ 1985ರಲ್ಲಿ ಹೊರತಂದದ್ದು. ಮೊಮ್ಮಗನ ತಂದೆಗಿಂತ ಸ್ವಲ್ಪವೇ ಚಿಕ್ಕದು. ಹಳೆಯದಾದುದರಿಂದ ಅದನ್ನು ಉಚಿತವಾಗಿ ಹಂಚಿದ್ದಾರಂತೆ. ಚಿತ್ರಗಳು ನಮ್ಮ ಹೆಂಗಸರ ಕಸೂತಿಯ ಚೌಕಗಳಂತೆ ಒರಟಾಗಿವೆ. ಮೊದಲ ಮೂರು ಭಾಗಗಳಲ್ಲಿ ಒಬ್ಬೊಬ್ಬ ದುಷ್ಟಶಕ್ತಿಯನ್ನು ಕೊಲ್ಲುವುದೇ ಗುರಿಯಾಗಿತ್ತು. ದಾರಿಯಲ್ಲಿ ಅಂಗಡಿಯಿಂದ ಕದ್ದರೂ ಊರವರನ್ನು ಕೊಂದರೂ ಗೆಲುವಿಗೆ ಅಡ್ಡಿಯಿರಲಿಲ್ಲ. ಇಂಥ ಆಟ ಮಕ್ಕಳನ್ನು ಕೆಡಿಸುತ್ತದೆಂದು ಕೆಲವು ತಂದೆತಾಯಿಗಳು ಬರೆದ ಪತ್ರಗಳನ್ನು ಓದಿದ ಮೇಲೆ, ಕರ್ತೃವು ನಾಲ್ಕನೆಯ ಭಾಗದಲ್ಲಿ ಕೊಲ್ಲಬೇಕಾದ ಖಳನನ್ನೇ ಕೈಬಿಟ್ಟರು. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮಾನನಿಷ್ಠೆ, ಆಧ್ಯಾತ್ಮಿಕತೆ, ವಿನಯ ಎಂಬ ಎಂಟು ಗುಣಗಳಲ್ಲಿ ಪೂರ್ಣತೆ ಪಡೆದು ‘ಅವತಾರ’ನಾಗುವುದೇ ಇಲ್ಲಿಯ ಗುರಿ.

ಅವತಾರವೆಂದರೆ ಮೇಲಿನಿಂದ ಕೆಳಗಿಳಿಯುವುದು. ಈ ಆಟದಲ್ಲಿಯಾದರೋ ಸಾಮಾನ್ಯ ಮನುಷ್ಯನೊಬ್ಬನು ತನ್ನ ನಡತೆಯಿಂದ ಮೇಲೇರುತ್ತಾನೆ. ಪದ ಬೇರೆಯವರದಾದರೂ ಭಾವ ನಮ್ಮದಕ್ಕೆ ಸಮೀಪವಾದುದೆಂದು ನನಗೆ ಅನಿಸಿತು. ಪಡೆದ ಗುಣವೂ ಶಾಶ್ವತವಲ್ಲ. ಒಂದು ಅಪರಾಧದಿಂದ ಅದು ಕೈಬಿಟ್ಟುಹೋಗುತ್ತದೆ. ಹನ್ನೊಂದನೆಯ ಗುಣಸ್ಥಾನಕ್ಕೇರಿದ ಜೀವವೂ ಕೆಳಗೆ ಜಾರುತ್ತದೆಂಬುದನ್ನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಹುಡುಗನಿಗೆ ಅದು ಅರ್ಥವಾದದ್ದು ಇಲ್ಲಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂಲಿಕೆಯ ಅಂಗಡಿ. ಮಂತ್ರಪ್ರಯೋಗಕ್ಕೆ ಬೇಕಾದ ದ್ರವ್ಯಗಳಲ್ಲಿ ಹೆಚ್ಚಿನವನ್ನು ಅಲ್ಲಿ ಕೊಳ್ಳಬೇಕು. (ಮಂತ್ರದ ದ್ರವ್ಯಗಳಲ್ಲಿ ಬೆಳ್ಳುಳ್ಳಿಯೂ ಎರಡು ಬಗೆಯ ಬೇರುಗಳೂ ಇವೆ, ಕಂದಮೂಲ ವರ್ಜಿಸಿದವನು ಈ ಆಟವನ್ನು ಗೆಲ್ಲಲಾರ!) ಮಾರುವವರಿಗೆ ಕಣ್ಣು ಕಾಣಿಸದು. ಬೆಲೆ ಹೇಳುತ್ತಾರೆ, ಹಣವನ್ನು ನಾವೇ ಎಣಿಸಿ ಇಡಬೇಕು. ಕಡಿಮೆ ಇಟ್ಟರೂ ಯಾರೂ ಕೇಳುವುದಿಲ್ಲ, ಸರಕು ಕೈಸೇರುತ್ತದೆ. ಆದರೆ ಕಣ್ಣಿಗೆ ಬೀಳದ ಲೆಕ್ಕವೊಂದರಲ್ಲಿ ಪ್ರಾಮಾಣಿಕತೆ ಇಳಿದಿರುತ್ತದೆ. ಆಟಗಾರನಿಗೆ ಆ ಅಂಕಿಯನ್ನು ಎಂದೂ ತೋರಿಸುವುದಿಲ್ಲ. ಅರಮನೆಯಲ್ಲಿರುವ ಜ್ಞಾನಿಯೊಬ್ಬನನ್ನು ಕೇಳಿದರೆ ಮಾತಿನಲ್ಲಿ ಸೂಚಿಸುತ್ತಾನೆ, ಅಷ್ಟೆ. ಕರ್ಮಬಂಧವನ್ನು ಹುಡುಗರಿಗೆ ವಿವರಿಸಲು ಇದಕ್ಕಿಂತ ಸುಲಭವಾದ ದೃಷ್ಟಾಂತ ನನಗೆ ದೊರೆತಿಲ್ಲ.

ನನಗೆ ನೆನಪಾದದ್ದು ಬೇರೆ. ಬಿ.ಕಾಂ. ಮುಗಿಸಿ ನಾನು ಮೊದಲು ಕೆಲಸ ಕಲಿತ ಅಡತಿ ಅಂಗಡಿಯಲ್ಲಿ ತೊಗರಿಯ ಪ್ರತಿ ಚೀಲಕ್ಕೂ ಧೂಳಿನ ಲೆಕ್ಕವೆಂದು ಒಂದಿಷ್ಟು, ಚೀಲದ ತೂಕವೆಂದು ಇನ್ನೊಂದಿಷ್ಟು ಕಳೆಯುವ ವಾಡಿಕೆಯಿತ್ತು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬರುತ್ತಿದ್ದ ರೈತರಿಗೆ ಕಣ್ಣಿತ್ತು, ಆದರೆ ಪಟ್ಟಿಯ ಮೇಲಿನ ಅಂಕಿ ಓದಲು ಬರುತ್ತಿರಲಿಲ್ಲ. ಆ ಪಟ್ಟಿಗಳನ್ನು ಬರೆದ ಕೈ ನನ್ನದು. ಹೀನಾಧಿಕ ಮಾನೋನ್ಮಾನ, ಎಂದರೆ ಕೊಳ್ಳುವಾಗೊಂದು ಕೊಡುವಾಗೊಂದು ಅಳತೆ ಬಳಸುವುದು, ಅಚೌರ್ಯಾಣುವ್ರತದ ಅತಿಚಾರವೆಂದು ತತ್ತ್ವಾರ್ಥಸೂತ್ರದಲ್ಲಿ ಓದಿದ್ದು ಅನಂತರ. ಓದಿದ ಮೇಲೂ ಒಂದು ಸುಗ್ಗಿ ಹಾಗೆಯೇ ಬರೆದೆ. ಪರದೆಯ ಮೇಲೆ ಮೊಮ್ಮಗನು ಹಣ ಎಣಿಸಿಡುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ.

ಇನ್ನು ದೋಷಗಳು. ಭಿಕ್ಷುಕನಿಗೆ ಒಂದೇ ನಾಣ್ಯ ಕೊಟ್ಟರೂ ಕರುಣೆ ಏರುತ್ತದೆ, ನೂರು ಕೊಟ್ಟರೂ ಅಷ್ಟೇ. ಇದನ್ನು ಅರಿತ ಹುಡುಗನು ಒಂದೊಂದೇ ನಾಣ್ಯ ಕೊಟ್ಟು, ಅತ್ತಿತ್ತ ಸುತ್ತಾಡಿ ಬಂದು, ಪುನಃ ಕೊಡುತ್ತಿದ್ದನು. ಗುಣವು ಸರಕಾಯಿತು. ಫಲವನ್ನು ಬಯಸಿ ಮಾಡುವ ಧರ್ಮವನ್ನು ನಮ್ಮವರು ನಿದಾನವೆಂದು ಕರೆದು ಮಾಯೆ, ಮಿಥ್ಯಾತ್ವಗಳೊಡನೆ ಶಲ್ಯಗಳಲ್ಲಿ ಎಣಿಸಿದ್ದಾರೆ. ಶಲ್ಯ ಮುರಿದಿರುವವರೆಗೆ ವ್ರತಿ ಎನಿಸಲಾರ. ಯಂತ್ರವು ಕ್ರಿಯೆಯನ್ನು ಎಣಿಸಬಲ್ಲುದು, ಭಾವವನ್ನು ಎಣಿಸಲಾರದು. ಇದನ್ನು ಹುಡುಗನಿಗೆ ಗಂಭೀರವಾಗಿ ಹೇಳಹೊರಟವನು ಅರ್ಧಕ್ಕೇ ನಿಲ್ಲಿಸಿದೆ. ಸಂತೆಯ ದಿನ ನನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಬಟ್ಟಲಿನ ತುಂಬ ರೂಪಾಯಿಯ ಚಿಲ್ಲರೆ ಇರುತ್ತದೆ. ಬಂದವರಿಗೆ ಮುಖವೆತ್ತಿಯೂ ನೋಡದೆ ಒಂದೊಂದು ಕೊಡುವುದು ನಮ್ಮ ಪೇಟೆಯ ಪದ್ಧತಿ. ಅವನು ಅದನ್ನು ಎಷ್ಟು ವರ್ಷಗಳಿಂದ ನೋಡುತ್ತಿದ್ದಾನೆ!

ಎಂಟು ಗುಣಗಳಲ್ಲಿ ಕ್ಷಮೆಗೆ ಸ್ಥಾನವಿಲ್ಲ, ಅಪರಿಗ್ರಹಕ್ಕೂ ಇಲ್ಲ. ದಶಲಕ್ಷಣ ಪರ್ವದ ಮೊದಲ ದಿನ ನಾವು ನೆನೆಯುವುದೇ ಉತ್ತಮ ಕ್ಷಮೆಯನ್ನು. ಹೊನ್ನನ್ನು ಎಷ್ಟು ಕೂಡಿಹಾಕಿದರೂ ಅದಕ್ಕಾಗಿ ಈ ಆಟ ದಂಡ ವಿಧಿಸುವುದಿಲ್ಲ. ವರ್ತಕರಾದ ನಮಗೆ ಈ ಕೊರತೆ ಎದ್ದು ಕಾಣಬೇಕಾದುದು, ಸಾಮಾನ್ಯವಾಗಿ ಕಾಣುವುದಿಲ್ಲ.

ಎಲ್ಲಕ್ಕೂ ದೊಡ್ಡ ದೋಷ ಹಿಂಸೆ. ಹಾವು, ಇಲಿಗಳಂತಹ ದುಷ್ಟವಲ್ಲದ ಪ್ರಾಣಿ ಓಡಿಹೋದರೆ ಬಿಡಬೇಕು, ಬಿಟ್ಟರೆ ಕರುಣೆ ಏರುತ್ತದೆ, ಇದು ಮೆಚ್ಚತಕ್ಕದ್ದೇ. ಆದರೆ ರಾಕ್ಷಸರನ್ನು ಕೊಂದರೆ ಶೌರ್ಯ, ಅವರೆದುರು ಓಡಿದರೆ ಹಾನಿ. ಕೊನೆಯ ಪಾತಾಳದಲ್ಲಿ ಗ್ರಂಥದರ್ಶನವಾಗುವವರೆಗೆ ಕಡಿಯುವುದೇ ಕಡಿಯುವುದು. “ಅವೇನು ಖರೇ ಅಲ್ಲಲ್ರೀ ಅಜ್ಜಾ” ಎಂದನು. ಆಗ ಯಶೋಧರನ ಕಥೆಯನ್ನು ಹೇಳಿದೆ. ಜನ್ನ ಕವಿ 1209ರಲ್ಲಿ ಕನ್ನಡಕ್ಕೆ ತಂದ ಕಥೆ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರನು ಜೀವದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ಕತ್ತಿ ತಾಗಿದೊಡನೆ ಅದು ಕೂಗಿತು. ಹಿಟ್ಟಿನದಾದರೂ ಸಂಕಲ್ಪ ಕೊಲೆಯದೇ ಆದುದರಿಂದ ತಾಯಿಯೂ ಮಗನೂ ಜನ್ಮಜನ್ಮಾಂತರ ಪಶುಪಕ್ಷಿಗಳಾಗಿ ಹುಟ್ಟಿ ಒಬ್ಬರಿನ್ನೊಬ್ಬರ ಕಣ್ಣೆದುರಿಗೇ ಹತರಾದರು.

ಹುಡುಗನು ಬಹಳ ಹೊತ್ತು ಯೋಚಿಸಿದನು. ಯಶೋಧರನು ದೇವತೆಯಿಂದ ಫಲ ಬಯಸಿ ಕೊಂದನು, ತಾನು ಏನನ್ನೂ ಬಯಸುತ್ತಿಲ್ಲವೆಂದು ವಾದಿಸಿದನು. ಶೌರ್ಯ ಏರುವುದನ್ನು ಬಯಸುತ್ತಿಲ್ಲವೇ ಎಂದೆ. ಉತ್ತರ ಬರಲಿಲ್ಲ. ಇಂಥ ಆಟವೆಲ್ಲ ಸಂಕಲ್ಪೀ ಹಿಂಸೆಯೇ, ಅಥವಾ ಅನರ್ಥದಂಡದಲ್ಲಿ ಎಣಿಸಬಹುದಾದ ಅಪಧ್ಯಾನ ಮಾತ್ರವೇ? ಎರಡನೆಯದೆಂದೇ ನನ್ನ ಅಭಿಪ್ರಾಯ. ವಿದ್ವಾಂಸರು ಒಪ್ಪದಿದ್ದರೆ ಬರೆದು ತಿಳಿಸಬೇಕು.

ಹಾಗಾದರೆ ನಿಷೇಧಿಸಿಬಿಡೋಣವೇ? ಇದಕ್ಕೆ ಆ ಕರ್ತೃವೇ 1988ರ ಐದನೆಯ ಭಾಗದಲ್ಲಿ ಉತ್ತರ ಕೊಟ್ಟಿದ್ದಾರೆ. ಅಲ್ಲಿ ಅಧಿಪತಿಯೊಬ್ಬನು ಆ ಎಂಟು ಗುಣಗಳನ್ನೇ ಕಾನೂನಾಗಿಸುತ್ತಾನೆ: ಸುಳ್ಳಾಡಿದವನ ನಾಲಿಗೆ ಹೋಗಬೇಕು, ಆದಾಯದ ಅರ್ಧ ದಾನ ಮಾಡದವನಿಗೆ ಆದಾಯವೇ ಇರಬಾರದು. ನಾಡು ನರಕವಾಗುತ್ತದೆ. ನಮ್ಮ ಟ್ರಸ್ಟಿನ ಸಭೆಗಳಲ್ಲಿ ಪ್ರತಿಯೊಂದಕ್ಕೂ ದಂಡ ಗೊತ್ತುಮಾಡಲು ಹೊರಡುವ ಹಿರಿಯರಿಗೆ ಇದನ್ನು ತೋರಿಸಬೇಕೆಂಬ ಆಸೆ ನನಗಿದೆ.

ರಜೆ ಮುಗಿಸಿ ಹೋದ ಮೇಲೆ ಹುಡುಗನು ದೂರವಾಣಿ ಮಾಡಿದ್ದನು. ಮೊದಲ ದಿನ, ನಾನು ಪಕ್ಕದಲ್ಲಿ ಕುಳಿತುಕೊಳ್ಳುವ ಮುನ್ನ, ಆ ಕುರುಡು ವ್ಯಾಪಾರಿಗೆ ಎರಡು ಸಲ ಕಡಿಮೆ ಹಣ ಇಟ್ಟಿದ್ದನಂತೆ. ಆಟವನ್ನು ಮೊದಲಿನಿಂದ ಪ್ರಾರಂಭಿಸಿದ್ದಾನಂತೆ. “ನಿಮಗೂ ಹಂಗ ಮೊದಲಿಂದ ಚಾಲೂ ಮಾಡಾಕ ಬರ್ತದೇನ್ರೀ ಅಜ್ಜಾ?” ಎಂದು ನಕ್ಕನು. ತೊಗರಿಯ ಪಟ್ಟಿಯ ಸಂಗತಿಯನ್ನು ನಾನು ಅವನಿಗೆ ಹೇಳಿರಲಿಲ್ಲ. ಅಂದು ಹೇಳಿದೆ.