ಧಾರವಾಡದಲ್ಲಿ ಮೊದಲ ಆರು ವಾರ

ಜೂನ್ ತಿಂಗಳ ಮೊದಲ ವಾರ ಜಮಖಂಡಿಯ ಬಸ್ ನಿಲ್ದಾಣದಲ್ಲಿ ಒಂದು ನೋಟ ಪ್ರತಿವರ್ಷವೂ ಕಾಣಸಿಗುತ್ತದೆ. ಹೊಸದೊಂದು ಟ್ರಂಕು, ಸುರುಳಿ ಸುತ್ತಿದ ಹಾಸಿಗೆ, ಪ್ಲಾಸ್ಟಿಕ್ ಬಕೆಟ್ಟು, ಬಿಳಿ ಅರಿವೆಯಲ್ಲಿ ಕಟ್ಟಿದ ರೊಟ್ಟಿಯ ಗಂಟು. ಅವುಗಳ ನಡುವೆ ಮೊನ್ನೆಯಷ್ಟೇ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ ಅಥವಾ ಹುಡುಗಿ. ಅಪ್ಪ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುತ್ತಾನೆ. ಅವ್ವ ಹತ್ತನೆಯ ಸಲ ಅದೇ ಮಾತು ಹೇಳುತ್ತಾಳೆ: "ಹೊತ್ತಿಗೆ ಸರಿಯಾಗಿ ಉಣ್ಣಪಾ ತಮ್ಮಾ, ಮಳ್ಯಾಗ ತೋಯಿಸಿಕೋಬ್ಯಾಡ." ಬಸ್ಸು ಧಾರವಾಡದ್ದು.

ಮುಧೋಳ, ಲೋಕಾಪುರ, ಯರಗಟ್ಟಿ, ಸವದತ್ತಿ ದಾಟಿ ಹೋಗುವ ಈ ಹಾದಿ ನಾಲ್ಕು ತಾಸಿನ ಆಜೂಬಾಜು. ಬೀಳಗಿಯವರು ಬಾಗಲಕೋಟೆಗೆ ಬಂದು ನರಗುಂದ, ನವಲಗುಂದದ ಮೇಲಿಂದ ಮೊದಲು ಹುಬ್ಬಳ್ಳಿ ಸೇರಿ ಆಮೇಲೆ ಧಾರವಾಡ ಕಾಣುವುದುಂಟು. ದೂರ ಹೆಚ್ಚಿಲ್ಲ. ಆದರೆ ಹದಿನಾರು ವರ್ಷದ ಮಗು ಮನೆಯ ಹೊಸ್ತಿಲು ಬಿಟ್ಟು ತಿಂಗಳುಗಟ್ಟಲೆ ಹೊರಗಿರುವುದು ಇದೇ ಮೊದಲಾದ್ದರಿಂದ, ಈ ನಾಲ್ಕು ತಾಸು ಬದುಕಿನಲ್ಲಿ ದೊಡ್ಡ ಪ್ರಯಾಣವೇ ಸರಿ.

ಈ ಹಾದಿ ಹಳೆಯದು. ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನಗಳಾಗಿದ್ದ ದಿನಗಳಲ್ಲಿ ಕಾಲೇಜು ಕಲಿಯಬೇಕೆಂದರೆ ಸಾಂಗ್ಲಿ, ಕೊಲ್ಲಾಪುರ, ಪುಣೆ ಅಥವಾ ಧಾರವಾಡವೇ ಗತಿಯಾಗಿತ್ತು. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಇಲ್ಲಿಗೆ ಬಂತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐಐಟಿ ಬಂದವು. ಈಗ ಜಮಖಂಡಿ, ಬನಹಟ್ಟಿಗಳಲ್ಲೂ ಕಾಲೇಜುಗಳಿವೆ. ಆದರೂ ವಿಜ್ಞಾನ ಓದುವ ಮಗುವನ್ನು ಧಾರವಾಡಕ್ಕೆ ಕಳಿಸಬೇಕೆಂಬ ಹಂಬಲ ಕಬ್ಬು ಬೆಳೆಯುವವರ ಮನೆಯಲ್ಲೂ ಇದೆ, ಮಗ್ಗ ನಡೆಸುವವರ ಮನೆಯಲ್ಲೂ ಇದೆ.

ಗಾಳಿ, ಮಳೆ ಮತ್ತು ಒಣಗದ ಅಂಗಿ

ಊರು ಬದಲಾದುದು ಮೊದಲು ತಿಳಿಯುವುದು ಮೈಗೆ. ಕೊಲಂಬಿಯಾ ದೇಶದ ರಾಜಧಾನಿ ಬೊಗೋಟಾ ಸಮುದ್ರಮಟ್ಟಕ್ಕಿಂತ ಸುಮಾರು 2,600 ಮೀಟರ್ ಎತ್ತರದಲ್ಲಿದೆ. ತಗ್ಗಿನ ಊರುಗಳಿಂದ ಹೊಸದಾಗಿ ಹೋದವರಿಗೆ ಅಲ್ಲಿ ಕೆಲವು ದಿನ ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಗಾಳಿ ತೆಳುವಾಗಿರುವುದೇ ಅದಕ್ಕೆ ಕಾರಣ. ಧಾರವಾಡದಲ್ಲಿ ಆ ತೊಂದರೆ ಇಲ್ಲ. ಅದರ ಎತ್ತರ ಸುಮಾರು 750 ಮೀಟರ್, ಜಮಖಂಡಿಯದು ಸುಮಾರು 550. ಪ್ರತಿ ಸಾವಿರ ಮೀಟರಿಗೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕ ಹಿಡಿದರೆ, ಇನ್ನೂರು ಮೀಟರಿಗೆ ಆಗುವ ವ್ಯತ್ಯಾಸ ಒಂದು ಡಿಗ್ರಿಗಿಂತ ತುಸು ಹೆಚ್ಚು, ಅಷ್ಟೇ.

ಹಾಗಿದ್ದರೂ ಜುಲೈ ತಿಂಗಳಲ್ಲಿ ಧಾರವಾಡ ಬಹಳ ತಂಪು ಎನಿಸುವುದೇಕೆ? ಬೆಳವಲ ಮುಗಿದು ಮಲೆನಾಡು ಶುರುವಾಗುವ ಅಂಚಿನಲ್ಲಿ ಈ ಊರಿದೆ. ಪಡುವಣದ ಮೋಡಗಳು ಘಟ್ಟ ದಾಟಿ ಇಲ್ಲಿಯವರೆಗೆ ಬಂದು ದಿನವಿಡೀ ಜಿಟಿಜಿಟಿ ಸುರಿಯುತ್ತವೆ. ಮುಧೋಳ, ಬೀಳಗಿಗಳಿಗೆ ಬರುವಷ್ಟರಲ್ಲಿ ಅವುಗಳಲ್ಲಿ ನೀರು ಕಡಿಮೆಯಾಗಿ ಬರೀ ಗಾಳಿ ಉಳಿದಿರುತ್ತದೆ. ಅಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರಿನಲ್ಲಿ. ಹೀಗಾಗಿ ಜುಲೈನಲ್ಲಿ ಎರಡು ವಾರ ಬಿಸಿಲು ಕಾಣದ ಊರನ್ನು ಈ ಭಾಗದ ಮಕ್ಕಳು ಮೊದಲ ಸಲ ನೋಡುತ್ತಾರೆ.

ಇದರ ಪರಿಣಾಮ ಸಣ್ಣದಲ್ಲ. ಬನಹಟ್ಟಿಯ ಮಾಳಿಗೆಯ ಮೇಲೆ ಒಂದು ತಾಸಿನಲ್ಲಿ ಒಣಗುವ ಅಂಗಿ ಇಲ್ಲಿ ಎರಡು ದಿನವಾದರೂ ಹಸಿ. ಗಾಳಿಯಲ್ಲಿ ಆಗಲೇ ನೀರಾವಿ ತುಂಬಿರುವುದರಿಂದ ಬಟ್ಟೆಯ ನೀರು ಬೇಗ ಆರದು. ಹಸಿ ಬಟ್ಟೆ ಉಟ್ಟರೆ ತೊಡೆ ಸಂದಿನಲ್ಲಿ ಗಜಕರ್ಣ ಹತ್ತುತ್ತದೆ, ಸಂಕೋಚದಿಂದ ಮಕ್ಕಳು ಅದನ್ನು ಯಾರಿಗೂ ಹೇಳುವುದಿಲ್ಲ. ಆದ್ದರಿಂದ ದುಬಾರಿ ಜೀನ್ಸ್ ಒಂದರ ಬದಲು ಬೇಗ ಒಣಗುವ ತೆಳು ಬಟ್ಟೆ ನಾಲ್ಕು ಜೊತೆ, ಒಳಉಡುಪು ಆರು, ಒಳ್ಳೆಯ ಕೊಡೆ, ಒಂದು ಸ್ವೆಟರ್, ನೀರಿಗೆ ಹಾಳಾಗದ ಚಪ್ಪಲಿ ಕೊಡಿಸುವುದು ಜಾಣತನ. ಪುಸ್ತಕದ ಚೀಲಕ್ಕೆ ಒಂದು ದೊಡ್ಡ ಪ್ಲಾಸ್ಟಿಕ್ ಹೊದಿಕೆ ಇರಲಿ.

ಕೋಣೆ ನೋಡುವಾಗ

ಸಪ್ತಾಪುರ, ಸಾಧನಕೇರಿ, ವಿದ್ಯಾಗಿರಿ ಮುಂತಾದ ಕಡೆ ವಿದ್ಯಾರ್ಥಿಗಳ ಕೋಣೆಗಳು ಬಹಳ. ಅದಕ್ಕೂ ಮೊದಲು ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ವಸತಿ ನಿಲಯಗಳಿಗೆ ಅರ್ಜಿ ಹಾಕಬೇಕು. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಪ್ರವೇಶದ ಗದ್ದಲಕ್ಕೆ ಮುನ್ನವೇ ಊರಿನಲ್ಲಿ ಪಡೆದಿಟ್ಟುಕೊಂಡರೆ ಅರ್ಧ ಓಡಾಟ ತಪ್ಪುತ್ತದೆ. ಮುರುಘಾಮಠದಂಥ ಮಠಗಳ ಪ್ರಸಾದ ನಿಲಯಗಳಲ್ಲಿ ಇದ್ದು ಓದಿದ ಬಡ ಮಕ್ಕಳ ಸಂಖ್ಯೆ ದೊಡ್ಡದು.

ಬಾಡಿಗೆ ಕೋಣೆಯಾದರೆ ಗೋಡೆಯ ಬಣ್ಣಕ್ಕಿಂತ ಮುಖ್ಯವಾದ ಪ್ರಶ್ನೆಗಳಿವೆ. ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು? ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ ನೀರು ಬರುತ್ತದಾದರೂ ಎಲ್ಲ ಬಡಾವಣೆಗಳಿಗೂ ಒಂದೇ ತೆರನಾಗಿ ಸಿಗುವುದಿಲ್ಲ. ಡ್ರಮ್ಮಿನಲ್ಲಿ ಸಂಗ್ರಹಿಸುವುದಾದರೆ ಬಿಗಿಯಾಗಿ ಮುಚ್ಚಬೇಕು, ವಾರಕ್ಕೊಮ್ಮೆ ಖಾಲಿ ಮಾಡಿ ತಿಕ್ಕಬೇಕು. ಡೆಂಗೆ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ. ಕುಡಿಯುವ ನೀರನ್ನು ಮೊದಲ ಕೆಲವು ವಾರ ಕಾಯಿಸಿ ಆರಿಸುವುದು ಒಳ್ಳೆಯದು.

ಪಾಲಕರು ತಾವೇ ಒಳಗೆ ಹೋಗಿ ನೋಡಬೇಕಾದ ಜಾಗ ಬಚ್ಚಲುಮನೆ. ಅಲ್ಲಿ ಗ್ಯಾಸ್ ಗೀಸರ್ ಇದ್ದು, ಕಿಟಕಿ ಇಲ್ಲದಿದ್ದರೆ ಆ ಕೋಣೆ ಬೇಡವೇ ಬೇಡ. ಗಾಳಿ ಸಾಲದೆ ಅನಿಲ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆ ಭಾರವಾಯಿತು ಎನ್ನುವಷ್ಟರಲ್ಲಿ ಕೈಕಾಲು ಸೋತು, ಬಾಗಿಲ ಚಿಲಕ ತೆಗೆಯುವ ಶಕ್ತಿಯೂ ಉಳಿಯುವುದಿಲ್ಲ. ಗೀಸರ್ ಬಚ್ಚಲಿನ ಹೊರಗಿರಬೇಕು. ಒಳಗೇ ಇದ್ದರೆ ಬಕೆಟ್ಟು ತುಂಬಿಸಿ, ಅದನ್ನು ಆರಿಸಿ, ಗಾಳಿ ಆಡಿದ ಮೇಲೆಯೇ ಸ್ನಾನಕ್ಕೆ ಇಳಿಯಬೇಕು.

ನೀರು ಕಾಯಿಸುವ ಕಾಯಿಲ್ ಕೂಡ ಹೀಗೆಯೇ. ನೀರು ಕಾದಿದೆಯೇ ಎಂದು ಬೆರಳದ್ದಿ ನೋಡುವ ಅಭ್ಯಾಸ ಜೀವಕ್ಕೆ ಎರವಾಗುತ್ತದೆ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಈ ಎರಡು ಮಾತನ್ನು ಮಗುವಿಗೆ ಹೇಳಿದರೆ ಸಾಲದು, ನಿಂತು ಮಾಡಿ ತೋರಿಸಬೇಕು.

ಮುಂಗಡ ಹಣಕ್ಕೆ ರಸೀದಿ, ಕೋಚಿಂಗ್ ಶುಲ್ಕದ ಕಂತುಗಳು ಮತ್ತು ನಡುವೆ ಬಿಟ್ಟರೆ ಮರಳಿ ಸಿಗುವ ಮೊತ್ತ ಎಲ್ಲವೂ ಬರವಣಿಗೆಯಲ್ಲಿರಲಿ. ಬಾಯಿಮಾತು ಡಿಸೆಂಬರಿನವರೆಗೆ ಉಳಿಯುವುದಿಲ್ಲ.

ಬುತ್ತಿಯ ಗಂಟು

ಧಾರವಾಡ ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಮಕ್ಕಳ ಬುತ್ತಿ ಬರುವ ರೂಢಿಯಿಂದ ಎಷ್ಟೋ ಜನ ಓದಿ ಮೇಲೆ ಬಂದರು. ಜಮಖಂಡಿ ಕಡೆಯಿಂದ ದಿನಾ ಬುತ್ತಿ ಕಳಿಸಲಾಗದು. ಆದರೆ ತಿಂಗಳಿಗೊಮ್ಮೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಕಳಿಸಬಹುದು. ಕಟಕ್ ರೊಟ್ಟಿ ತಿಂಗಳು ಉಳಿಯುವುದು ಅದರಲ್ಲಿ ನೀರಿನಂಶ ಇಲ್ಲದಿರುವುದರಿಂದ. ಬೂಷ್ಟು ಬೆಳೆಯಲು ತೇವ ಬೇಕು. ಧಾರವಾಡದ ಮಳೆಗಾಲದಲ್ಲಿ ಅರಿವೆಯ ಗಂಟಿನಲ್ಲಿಟ್ಟರೆ ನಾಲ್ಕೇ ದಿನಕ್ಕೆ ರೊಟ್ಟಿ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿ ಬೇಕು. ಚಟ್ನಿಗೆ ಒದ್ದೆ ಚಮಚ ಹಾಕಬಾರದು. ಬೂಷ್ಟು ಹಿಡಿದ ಶೇಂಗಾದಲ್ಲಿ ಯಕೃತ್ತಿಗೆ ಕೇಡು ಮಾಡುವ ವಿಷ ಇರಬಹುದಾದ್ದರಿಂದ ಒರೆಸಿ ತಿನ್ನದೆ ಚೆಲ್ಲಿಬಿಡಬೇಕು.

ಜೋಳದ ರೊಟ್ಟಿಯ ಖಾನಾವಳಿಗಳು ಧಾರವಾಡದಲ್ಲಿ ಸಾಕಷ್ಟಿವೆ. ತಿಂಗಳ ಲೆಕ್ಕ ಹಚ್ಚುವ ಮೊದಲು ಮೂರು ದಿನ ಬಿಡಿ ಊಟ ಮಾಡಿ ನೋಡಬೇಕು. ಬೆಳಗಿನ ಉಪಾಹಾರ ತಪ್ಪಿಸಿ ತರಗತಿಗೆ ಓಡುವುದು ಮಾತ್ರ ಎಲ್ಲಕ್ಕಿಂತ ಕೆಟ್ಟ ಉಳಿತಾಯ.

ತಿರುಗಾಟಕ್ಕೆ ವಾಯವ್ಯ ಸಾರಿಗೆಯ ವಿದ್ಯಾರ್ಥಿ ಪಾಸು ಇದೆ. 2023ರ ಜೂನ್ ತಿಂಗಳಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳು ಗುರುತಿನ ಚೀಟಿ ತೋರಿಸಿ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುವಂತಾಯಿತು. ಮಗಳನ್ನು ದೂರ ಕಳಿಸಲು ಹಿಂಜರಿಯುತ್ತಿದ್ದ ಎಷ್ಟೋ ಮನೆಗಳ ಲೆಕ್ಕಾಚಾರ ಇದರಿಂದ ಬದಲಾಗಿದೆ. 2018ರಿಂದ ಹುಬ್ಬಳ್ಳಿ-ಧಾರವಾಡ ನಡುವೆ ಪ್ರತ್ಯೇಕ ಪಥದಲ್ಲಿ 'ಚಿಗರಿ' ಬಸ್ಸುಗಳೂ ಓಡುತ್ತಿವೆ.

ಸಂವೇಗ ಮೊಮೆಂಟಮ್ ಆದಾಗ

ನಿಜವಾದ ಪೆಟ್ಟು ಬೀಳುವುದು ತರಗತಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ನೂರಕ್ಕೆ ತೊಂಬತ್ತು ಅಂಕ ತಂದ ಮಗು ಭೌತಶಾಸ್ತ್ರದ ಮೊದಲ ಕಿರುಪರೀಕ್ಷೆಯಲ್ಲಿ ಮೂವತ್ತಕ್ಕೆ ನಿಲ್ಲಬಹುದು. 'ಸಂವೇಗ' ಎಂದು ಅರ್ಥಮಾಡಿಕೊಂಡದ್ದೇ 'ಮೊಮೆಂಟಮ್' ಎಂದೂ, 'ವೇಗೋತ್ಕರ್ಷ'ವೇ 'ಆಕ್ಸಿಲರೇಶನ್' ಎಂದೂ ಯಾರೂ ನಿಂತು ಹೇಳುವುದಿಲ್ಲ. ಮಗುವಿಗೆ ವಿಷಯ ಗೊತ್ತಿದೆ, ಹೆಸರು ಗೊತ್ತಿಲ್ಲ. ಇಷ್ಟನ್ನೇ ಅದು 'ನನಗೆ ಬುದ್ಧಿ ಇಲ್ಲ' ಎಂದು ತಿಳಿದುಕೊಳ್ಳುತ್ತದೆ. ಇದಕ್ಕೆ ಮದ್ದು ಸರಳ. ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಹತ್ತು ಶಬ್ದ, ಎಡಕ್ಕೆ ಇಂಗ್ಲಿಷ್, ಬಲಕ್ಕೆ ಕನ್ನಡ. ಆರು ವಾರಕ್ಕೆ ನಾಲ್ಕು ನೂರು ಶಬ್ದ ದಾಟುತ್ತವೆ. ಕನ್ನಡದಲ್ಲಿ ಕಲಿತದ್ದು ಎಂದೂ ನಷ್ಟವಲ್ಲ, ಹೊಸ ಪಾಠಕ್ಕೆ ಅದೇ ತಳಪಾಯ.

ಮೊದಲ ಅಂಕಪಟ್ಟಿ ಬಂದಾಗ ಮನೆಯವರು ಆಡುವ ಮಾತು ಬಹಳ ಮುಖ್ಯ. "ಇಷ್ಟು ರೊಕ್ಕ ಹಾಕಿ ಕಳಸೀವಿ" ಎಂಬ ಒಂದು ವಾಕ್ಯ ಫೋನಿನಲ್ಲಿ ಹೋದರೆ, ಮುಂದಿನ ಪರೀಕ್ಷೆಯ ಅಂಕವನ್ನು ಮಗು ಮುಚ್ಚಿಡುತ್ತದೆ. "ಯಾವ ಲೆಕ್ಕ ತಿಳೀಲಿಲ್ಲ, ಸರ್‌ನ ಕೇಳಿದೇನು?" ಎಂದರೆ ಮಾತು ಮುಂದುವರಿಯುತ್ತದೆ.

ರವಿವಾರಕ್ಕೆ ಧಾರವಾಡ ಒಳ್ಳೆಯ ಸಂಗಾತಿ. 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಉಪನ್ಯಾಸ, ಕಾರ್ಯಕ್ರಮಗಳು ನಡೆಯುತ್ತಲೇ ಇರುತ್ತವೆ. ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಸುಭಾಸ ರಸ್ತೆಯ ಪುಸ್ತಕದಂಗಡಿಗಳನ್ನು ಸುತ್ತಲು ಹಣ ಬೇಡ. ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆಯ ಮುಂದಿನ ಕೆರೆಯ ದಂಡೆಯಲ್ಲಿ ಸಂಜೆ ಅರ್ಧ ತಾಸು ಕೂತು ಬರಬಹುದು.

ಮಗ್ಗದ ಸದ್ದಿಲ್ಲದ ರಾತ್ರಿ

ಬನಹಟ್ಟಿಯ ಒಬ್ಬ ನೇಕಾರರ ಹುಡುಗ ಧಾರವಾಡಕ್ಕೆ ಬಂದ ಹೊಸತರಲ್ಲಿ ರಾತ್ರಿಯೆಲ್ಲ ಎಚ್ಚರವಾಗಿರುತ್ತಿದ್ದ. ಗದ್ದಲವೇನೂ ಇರಲಿಲ್ಲ. ಹುಟ್ಟಿದಾಗಿನಿಂದ ಮಗ್ಗದ ಖಟಖಟ ಸದ್ದಿನಲ್ಲೇ ಮಲಗಿ ರೂಢಿಯಾದ ಕಿವಿಗೆ ಆ ಮೌನವೇ ಸಹಿಸದಾಗಿತ್ತು. ದಿನಾ ರಾತ್ರಿ ಅವ್ವ ಫೋನಿನಲ್ಲಿ "ಊಟಾತೇನಪಾ?" ಎಂದರೆ, "ಆತ ಬೇ ಯವ್ವಾ" ಎನ್ನುತ್ತಿದ್ದ. ಎಷ್ಟೋ ದಿನ ಉಂಡಿರಲಿಲ್ಲ. ಮೂರನೆಯ ಶನಿವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಮನೆಗೆ ಬಂದುಬಿಟ್ಟ.

ಅವನ ಅಪ್ಪ ಬೈಯಲಿಲ್ಲ. ಎರಡು ದಿನ ಇಟ್ಟುಕೊಂಡು, ಸೋಮವಾರ ಮಗ್ಗ ಬಂದು ಮಾಡಿ ತಾನೇ ಜೊತೆಗೆ ಹೋಗಿ, ಒಂದು ರಾತ್ರಿ ಮಗನ ಕೋಣೆಯಲ್ಲೇ ಮಲಗಿ, ಖಾನಾವಳಿಯ ಅಕ್ಕನವರಿಗೆ "ಇಂವ ಉಣ್ಣಾಕ ಬರಲಿಲ್ಲಂದ್ರ ನನಗೊಂದು ಫೋನ್ ಮಾಡ್ರೀ ಅಕ್ಕಾರ" ಎಂದು ಹೇಳಿ ಬಂದ. ಒಂದು ದಿನದ ಕೂಲಿ ಹೋಯಿತು, ಮಗನ ಓದು ಉಳಿಯಿತು.

ಮನೆಯ ನೆನಪು ಕಾಯಿಲೆಯಲ್ಲ. ಆಲಮಟ್ಟಿ ಹಿನ್ನೀರಿಗೆ ಮನೆ, ಹೊಲ ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರ ಸೇರಿದ ಬೀಳಗಿ ಸೀಮೆಯ ಹಿರಿಯರಿಗೆ ಇದು ಚೆನ್ನಾಗಿ ಗೊತ್ತು. ಹೊಸ ಜಾಗ ಮೈಗೆ ಒಗ್ಗಲು ಹೊತ್ತು ಬೇಕು. ಆದರೆ ಎರಡು ವಾರ ಮೀರಿ ನಿದ್ದೆ, ಊಟ ಎರಡೂ ಕೆಟ್ಟರೆ, ಮಾತು ನಿಂತರೆ, ಬದುಕು ಬೇಡವೆಂಬ ಮಾತು ಬಂದರೆ ತಡಮಾಡಬಾರದು. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಡಿಮ್ಹಾನ್ಸ್ ಸಂಸ್ಥೆ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಟ್ರಂಕಿನ ಮುಚ್ಚಳದ ಒಳಗೆ ಆ ಸಂಖ್ಯೆಯನ್ನು ಬರೆದು ಅಂಟಿಸಿರಲಿ.

ಮೊದಲ ಬಾರಿ ಊರಿಗೆ ಬರುವ ದಿನವನ್ನು ಹೊರಡುವ ದಿನವೇ ಗೊತ್ತುಮಾಡುವುದು ಒಳ್ಳೆಯದು. ನಾಗರ ಪಂಚಮಿ ಅದಕ್ಕೆ ಹೇಳಿಮಾಡಿಸಿದ ಹಬ್ಬ. ಎಣಿಸಲು ಒಂದು ದಿನ ಇದ್ದರೆ ವಾರಗಳು ಬೇಗ ಸರಿಯುತ್ತವೆ.

ಬನಹಟ್ಟಿಯ ಆ ಹುಡುಗನೂ ಪಂಚಮಿಗೆ ಬಂದ. ಜೋಕಾಲಿ ಆಡಿದ, ಉಂಡಿ ತಿಂದ. ಮೂರನೆಯ ರಾತ್ರಿ ಹಾಸಿಗೆಯಲ್ಲಿ ಎದ್ದು ಕುಳಿತು, "ಯಪ್ಪಾ, ಮಗ್ಗ ಭಾಳ ಸಪ್ಪಳ ಮಾಡ್ತಾವಲ್ಲೋ" ಎಂದ. ಅಪ್ಪ ಮಾತಾಡದೆ ಮಗ್ಗ ನಿಲ್ಲಿಸಿದ. ಅವ್ವ ಬೆಳಗಿನ ಬಸ್ಸಿಗೆ ರೊಟ್ಟಿ ಕಟ್ಟಲು ಡಬ್ಬಿ ಹುಡುಕತೊಡಗಿದಳು.