ಆಗುಂಬೆಯ ದಾರಿಯಲ್ಲಿ ಎರಡು ರಾತ್ರಿ

ನಮ್ಮ ಅಡುಗೆಮನೆಯಲ್ಲಿ ಕೊಕ್ಕೆಗೆ ನೇತುಹಾಕಿ ತೂಗುವ ಒಂದು ಹಳೆಯ ತಕ್ಕಡಿ ಇದೆ. ಹಳೇ ಪೇಪರಿನವನು ತೂಕದಲ್ಲಿ ಮೋಸ ಮಾಡಬಾರದೆಂದು ನನ್ನ ಹೆಂಡತಿ ತರಿಸಿಕೊಂಡದ್ದು. ಕಳೆದ ಡಿಸೆಂಬರಿನಲ್ಲಿ ಎರಡು ದಿನ ಅದಕ್ಕೆ ಬಿಡುವೇ ಇರಲಿಲ್ಲ. ನಾನು ಮತ್ತು ಎಂಟನೇ ತರಗತಿಯ ಮೊಮ್ಮಗ ಶಿವಮೊಗ್ಗದಿಂದ ಆಗುಂಬೆಗೆ ಸೈಕಲ್ಲಿನಲ್ಲಿ ಹೊರಟಿದ್ದೆವು. ದಾರಿ ಸುಮಾರು 90 ಕಿಲೋಮೀಟರ್. ಮೂರು ದಿನದ ಪ್ರಯಾಣ, ನಡುವೆ ಎರಡು ರಾತ್ರಿ. ಬಟ್ಟೆಬರೆ, ಬುತ್ತಿಯ ಲೆಕ್ಕ ಅರ್ಧ ಗಂಟೆಯಲ್ಲಿ ಮುಗಿಯಿತು. ಜಗಳವೆಲ್ಲ ಹಾಸಿಗೆ ಹೊದಿಕೆಯದ್ದು.

ಅವಳು ಮೊದಲು ತಂದದ್ದು ಕೌದಿ. ಕೊಕ್ಕೆಗೆ ಹಾಕಿದರೆ 3 ಕಿಲೋ 200 ಗ್ರಾಂ. ಆಮೇಲೆ ಕುರಿ ಕಂಬಳಿ, 2 ಕಿಲೋ. ಎರಡೂ ಬೆಚ್ಚಗಿರುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೈಕಲ್ಲಿನ ಕ್ಯಾರಿಯರ್ ಮೇಲೆ ಮೂರು ಕಿಲೋ ಕಟ್ಟಿಕೊಂಡು ಏರು ಹತ್ತಿದವರಿಗೇ ಗೊತ್ತು ಅದರ ಕಷ್ಟ. ಎದ್ದು ನಿಂತು ತುಳಿದರೆ ಹಿಂದಿನ ಗಂಟು ಅತ್ತಿತ್ತ ವಾಲಿ ಸೈಕಲ್ಲನ್ನೇ ಎಳೆದಾಡುತ್ತದೆ. ಕೊನೆಗೆ ತಲಾ 1 ಕಿಲೋ 100 ಗ್ರಾಂ ತೂಗುವ ಸ್ಲೀಪಿಂಗ್ ಬ್ಯಾಗ್ ಎಂದು ತೀರ್ಮಾನವಾಯಿತು.

ಟೆಂಟು ಬೇಡವೆಂದೆ. ಆಗುಂಬೆಯ ಕಡೆ ಕಾಳಿಂಗ ಸರ್ಪಗಳ ನಾಡು. ಕಾಡಿನಲ್ಲಿ ಟೆಂಟು ಹಾಕುವುದು ಸರಿಯೂ ಅಲ್ಲ, ಹಾಗೆ ಹಾಕಲು ಬಿಡುವುದೂ ಇಲ್ಲ. ಊರೊಳಗೆ ಕೇಳಿಕೊಂಡು ಶಾಲೆಯ ಜಗಲಿಯಲ್ಲೋ ಯಾರದಾದರೂ ಮನೆಯ ಜಗಲಿಯಲ್ಲೋ ಮಲಗಿದರೆ ತಲೆಯ ಮೇಲೆ ಸೂರಿರುತ್ತದೆ, ಎರಡು ಕಿಲೋ ಹೊರೆಯೂ ಉಳಿಯುತ್ತದೆ. ಟೆಂಟಿನ ಬದಲು ಒಂದು ಸೊಳ್ಳೆಪರದೆ ಸಾಕು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ತಪ್ಪಿದ್ದು ಇದಾದ ಮೇಲೆ. ನೆಲಕ್ಕೆ ಹಾಸಲು ಫೋಮಿನ ಎರಡು ಚಾಪೆಗಳಿದ್ದವು, ಒಂದೊಂದು 450 ಗ್ರಾಂ. ಸುತ್ತಿಟ್ಟರೆ ಕಂಬದಷ್ಟು ದಪ್ಪ. "ಬ್ಯಾಗೇ ಇಷ್ಟು ಮೆತ್ತಗಿದೆ, ಇದೇಕೆ?" ಎಂದು ಎರಡನ್ನೂ ಅಟ್ಟಕ್ಕೆ ಎಸೆದೆ. "ಮಗೂಗೆ ಚಳಿ ಆಗುತ್ತೆ ಕಣ್ರೀ" ಎಂದಳು. "ನಿನಗೆ ಗೊತ್ತಾಗಲ್ಲ ಬಿಡು" ಎಂದೆ. ಅವಳು ಮರುಮಾತಾಡದೆ ತನ್ನ ಹಳೆಯ ಎರಡು ಸೀರೆಗಳನ್ನು ಚೀಲದ ಹಾಗೆ ಹೊಲಿದು, "ಒಳಗೆ ಇದನ್ನಾದರೂ ಹಾಕಿಕೊಳ್ಳಿ" ಎಂದು ಕೊಟ್ಟಳು.

ಮೊದಲ ದಿನದ ದಾರಿ ತುಂಗೆಯ ಪಕ್ಕದಲ್ಲೇ ಸಾಗುತ್ತದೆ. ಗಾಜನೂರಿನ ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಆಮೇಲೆ ಮಂಡಗದ್ದೆ. ಮಂಡಗದ್ದೆಯಲ್ಲಿ ನದಿಯ ನಡುಗಡ್ಡೆಯ ಮರಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಡಿಸೆಂಬರಿನಲ್ಲಿ ನಾವು ನೋಡಿದ್ದು ಬರೀ ಮರಗಳನ್ನು. ಕತ್ತಲಾಗುವ ಹೊತ್ತಿಗೆ ಮುಂದಿನ ಒಂದು ಹಳ್ಳಿಯ ಶಾಲೆಯ ಜಗಲಿ ಸಿಕ್ಕಿತು. ಒಳ್ಳೆಯ ನುಣುಪಾದ ಸಿಮೆಂಟು ನೆಲ.

ರಾತ್ರಿ ಎರಡರ ಹೊತ್ತಿಗೆ ಎಚ್ಚರವಾಯಿತು. ಸೊಂಟ, ಭುಜ ಎರಡೂ ಮಂಜುಗಡ್ಡೆಯ ಮೇಲಿಟ್ಟ ಹಾಗೆ. ಪಕ್ಕಕ್ಕೆ ನೋಡಿದರೆ ಪುಟ್ಟ ಎದ್ದು ಮಂಡಿ ಅಪ್ಪಿಕೊಂಡು ಕೂತಿದ್ದಾನೆ.

"ಚಳಿನಾ ಮರಿ?"

"ಇಲ್ಲ ಅಜ್ಜ, ನಿದ್ದೆ ಬರ್ತಿಲ್ಲ ಅಷ್ಟೆ."

ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು. ಕೈ ಮುಟ್ಟಿದೆ, ತಣ್ಣಗೆ ಕೊರೆಯುತ್ತಿತ್ತು. ಎದೆ ಧಸಕ್ಕೆಂದಿತು. ನನ್ನ ಬ್ಯಾಗನ್ನು ಮಡಿಸಿ ಅವನ ಕೆಳಗೆ ಹಾಸಿದೆ. ಒಣಗಿದ ಕಾಲುಚೀಲ, ಮಂಕಿಟೋಪಿ ಹಾಕಿಸಿದೆ. ಎರಡು ಸೀರೆ ಚೀಲಗಳೊಳಗೂ ಅವನನ್ನು ತೂರಿಸಿ, ಒಂದು ಕಡಲೆ ಚಿಕ್ಕಿ ತಿನ್ನಿಸಿದೆ. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಮೈ ಕಾವು ಹುಟ್ಟಿಸುತ್ತದೆ. ಅರ್ಧ ಗಂಟೆಯಲ್ಲಿ ಅವನಿಗೆ ನಿದ್ದೆ ಬಂತು. ನಾನು ಪಂಚೆ ಸುತ್ತಿಕೊಂಡು ಬೆಳಗಿನವರೆಗೆ ಜಗಲಿಯ ಮೇಲೆ ಶತಪಥ ಹಾಕಿದೆ. ಯೋಚಿಸಲು ಬೇಕಾದಷ್ಟು ಸಮಯವಿತ್ತು.

ಆಗಿದ್ದು ಇಷ್ಟು. ಹೊದಿಕೆ ತಾನಾಗಿ ಬೆಚ್ಚಗಿರುವುದಿಲ್ಲ, ನಮ್ಮ ಮೈಯ ಕಾವು ಆಚೆ ಹೋಗದಂತೆ ತಡೆಯುತ್ತದೆ ಅಷ್ಟೆ. ತಡೆಯುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಮೇಲಿನ ಭಾಗ ಉಬ್ಬಿಕೊಂಡು ಗಾಳಿ ಹಿಡಿದಿಟ್ಟಿರುತ್ತದೆ. ಕೆಳಗಿನ ಭಾಗ ನಮ್ಮ ಭಾರಕ್ಕೆ ಅಪ್ಪಚ್ಚಿಯಾಗಿ ಗಾಳಿಯೆಲ್ಲ ಹೊರಟುಹೋಗಿರುತ್ತದೆ. ಆಮೇಲೆ ಸಿಮೆಂಟು ನೆಲ ಮೈಯ ಕಾವನ್ನು ರಾತ್ರಿಯಿಡೀ ಹೀರುತ್ತಲೇ ಇರುತ್ತದೆ. ಫೋಮಿನಲ್ಲಿರುವ ಗಾಳಿಯ ಗುಳ್ಳೆಗಳು ಮುಚ್ಚಿದ ಪುಟ್ಟ ಪುಟ್ಟ ಡಬ್ಬಿಗಳ ಹಾಗೆ, ಮಲಗಿದರೂ ಒಡೆಯುವುದಿಲ್ಲ. ಅಟ್ಟಕ್ಕೆ ಎಸೆದದ್ದು ಅದನ್ನು!

ಬೆಳಿಗ್ಗೆ ಶಾಲೆಯ ಬಿಸಿಯೂಟದ ಅಡುಗೆಯವರು ಬಂದು ನಮ್ಮ ಅವತಾರ ನೋಡಿದರು. "ಎಂತ ಮಾರಾಯ್ರೆ, ಮಗೂನ ಬರೀ ನೆಲದ ಮೇಲೆ ಮಲಗಿಸಿದ್ದಾ? ಎರಡು ಗೋಣಿಚೀಲ ಕೇಳಿದ್ರೆ ಕೊಡ್ತಿರಲಿಲ್ವಾ?" ಎಂದರು. ಏನು ಉತ್ತರ ಹೇಳಲಿ? ಅವರು ಕೊಟ್ಟ ಬಿಸಿ ಕಾಫಿ ಕುಡಿದೆ.

ತೀರ್ಥಹಳ್ಳಿಯ ದಾರಿಯಲ್ಲಿ ಪುಟ್ಟ ನಿಜ ಹೇಳಿದ. "ಚಳಿ ಅಂದ್ರೆ ನೀನು ವಾಪಸ್ ಕರ್ಕೊಂಡು ಹೋಗ್ತೀಯ ಅಂತ ಹೇಳಲಿಲ್ಲ ಅಜ್ಜ." ನಾನು ಸೈಕಲ್ ನಿಲ್ಲಿಸಿದೆ. ವಾಪಸ್ ಹೋಗುವುದಿಲ್ಲ, ಆದರೆ ಚಳಿಯಾದರೆ, ಕಾಲು ನೋವಾದರೆ, ಹೆದರಿಕೆಯಾದರೆ ಆ ಕ್ಷಣವೇ ಹೇಳಬೇಕು ಎಂದು ಒಪ್ಪಂದ ಮಾಡಿಕೊಂಡೆವು. ಅವನು ಕೈ ಮುಂದೆ ಮಾಡಿದ, ನಾನು ಕುಲುಕಿದೆ.

ತೀರ್ಥಹಳ್ಳಿ ಪೇಟೆಯಲ್ಲಿ ಫೋಮ್ ಹಾಳೆ ಸಿಕ್ಕಿತು. ಅಂಗಡಿಯವರಿಂದಲೇ ಕತ್ತರಿ ಇಸಿದುಕೊಂಡು ಭುಜದಿಂದ ಸೊಂಟದ ಕೆಳಗಿನವರೆಗೆ ಬರುವಷ್ಟು ಎರಡು ತುಂಡು ಮಾಡಿದೆ. ಭಾರ ಬೀಳುವುದು ಅಲ್ಲೇ. ಕಾಲಿನ ಕೆಳಗೆ ಖಾಲಿ ಚೀಲ ಇಟ್ಟುಕೊಂಡರಾಯಿತು. ಪಕ್ಕದ ದಿನಸಿ ಅಂಗಡಿಯಲ್ಲಿ ತೂಗಿಸಿದರೆ ಎರಡೂ ಸೇರಿ 500 ಗ್ರಾಮಿಗೂ ಕಡಿಮೆ.

ಈ ಸ್ಲೀಪಿಂಗ್ ಬ್ಯಾಗನ್ನು ಮೊದಲು ಯಾರು ಮಾಡಿದರು ಎಂದು ಪುಟ್ಟ ಕೇಳಿದ. ಚರ್ಮದ ಚೀಲದಲ್ಲಿ ಮಲಗುವ ಪದ್ಧತಿ ಚಳಿ ದೇಶಗಳಲ್ಲಿ ಬಹಳ ಹಳೆಯದು. ಆದರೆ ಅಂಗಡಿಯ ಸರಕಾಗಿ ಹೆಸರಾದದ್ದು ವೇಲ್ಸ್ ದೇಶದ ನ್ಯೂಟೌನ್ ಊರಿನ ಬಟ್ಟೆ ವ್ಯಾಪಾರಿ ಪ್ರೈಸ್ ಪ್ರೈಸ್-ಜೋನ್ಸ್ 1876ರಲ್ಲಿ ಪೇಟೆಂಟ್ ಪಡೆದ ಮಡಿಸುವ ಉಣ್ಣೆ ರಗ್ಗು. ಗಾಳಿ ತುಂಬುವ ರಬ್ಬರ್ ದಿಂಬಿಗೆ ಅದರಲ್ಲೇ ಒಂದು ಜೇಬಿತ್ತು. ಉಣ್ಣೆಗಳನ್ನು ಅಂಚೆಯ ಮೂಲಕ ಮಾರಿಯೇ ಅವನು ಹೆಸರು ಮಾಡಿದ್ದು. "ಅಂದ್ರೆ ಅದೂ ಕಂಬಳೀನೇ! ಅಜ್ಜಿ ಹೇಳಿದ್ದೇ ಸರಿ" ಎಂದ ಪುಟ್ಟ. ಇವನು ಯಾರ ಪಕ್ಷ ಎಂದು ನನಗೆ ಅಲ್ಲೇ ಅನುಮಾನ ಬಂತು.

ಎರಡನೇ ರಾತ್ರಿ ಮೇಗರವಳ್ಳಿಯ ಹತ್ತಿರ ಒಂದು ಅಡಿಕೆ ತೋಟದ ಮನೆಯಲ್ಲಿ. ಕೊಯ್ಲಿನ ಕಾಲ. ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಚಪ್ಪರದ ಕೆಳಗೆ ಹತ್ತು ಹನ್ನೆರಡು ಜನ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿದ್ದರು. ಒಳಗೆ ಮಲಗಿ ಎಂದು ಮನೆಯವರು ಎಷ್ಟೋ ಒತ್ತಾಯ ಮಾಡಿದರು. ಪುಟ್ಟನಿಗೆ ಮಾತ್ರ ಜಗಲಿಯೇ ಬೇಕು. ಈ ಸಲ ನಾನು ಬಾಯಿ ಬಿಟ್ಟು ಕೇಳಿದೆ. ಮನೆಯ ಹುಡುಗ ಒಂದು ಹೊರೆ ಭತ್ತದ ಹುಲ್ಲು ತಂದು ಹರಡಿದ. ಅದರ ಮೇಲೆ ಫೋಮು, ಅದರ ಮೇಲೆ ಬ್ಯಾಗು, ಒಳಗೆ ಸೀರೆಯ ಚೀಲ, ಮೇಲೆ ಸೊಳ್ಳೆಪರದೆ. ನಮ್ಮ ನೀರಿನ ಸ್ಟೀಲ್ ಬಾಟಲಿಗೆ ಮನೆಯವರು ಬಿಸಿನೀರು ತುಂಬಿ ಕೊಟ್ಟರು. ಅದನ್ನು ಕಾಲುಚೀಲದೊಳಗೆ ಹಾಕಿ ಪಾದದ ಬಳಿ ಇಟ್ಟೆ. ಉಸಿರಿನ ತೇವ ಒಳಗೆ ನಿಂತರೆ ಹೊದಿಕೆ ಒದ್ದೆಯಾಗಿ ತಣ್ಣಗಾಗುತ್ತದೆ. ಅದಕ್ಕೇ ಮೂಗು ಬಾಯಿ ಮಾತ್ರ ಹೊರಗಿರಲಿ ಎಂದೆ.

"ಈಗ ಹೇಗಿದೆ?"

"ಅಜ್ಜ, ಸೆಕೆ."

ಸೀರೆಯ ಚೀಲ ಒಂದನ್ನು ತೆಗೆಸಿದೆ. ಸುಲಿಯುವವರ ಮಾತು, ನಗು, ಅಡಿಕೆ ಬುಟ್ಟಿಗೆ ಬೀಳುವ ಟಪಟಪ ಸದ್ದು ಕೇಳುತ್ತಲೇ ಇಬ್ಬರಿಗೂ ನಿದ್ದೆ ಹತ್ತಿತು. ಬೆಳಿಗ್ಗೆ ಎದ್ದಾಗ ಸೈಕಲ್ ಸೀಟುಗಳ ಮೇಲೆ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಪುಟ್ಟನ ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಎಂಟು ಗಂಟೆಯವರೆಗೆ ಅವನು ಏಳಲಿಲ್ಲ, ನಾನೂ ಏಳಿಸಲಿಲ್ಲ.

ಆಗುಂಬೆ ತಲುಪಿ, ಸಂಜೆ ಸೂರ್ಯಾಸ್ತ ನೋಡುವ ಕಟ್ಟೆಯ ಮೇಲೆ ನಿಂತು ಪುಟ್ಟ ಅಜ್ಜಿಗೆ ಫೋನ್ ಮಾಡಿದ. ಹುಲ್ಲಿನ ಹಾಸಿಗೆ, ಅಡಿಕೆ ಹಂಡೆ, ಸೀರೆಯ ಚೀಲ ಎಲ್ಲ ಹೇಳಿದ. ಶಾಲೆಯ ಜಗಲಿಯ ಸುದ್ದಿ ಎತ್ತಲಿಲ್ಲ. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ಬಸ್ಸಿನ ಮೇಲೆ ಸೈಕಲ್ ಹಾಕಿಸಿಕೊಂಡು ಊರಿಗೆ ಬಂದ ಮೇಲೂ ನಾನು ಬಾಯಿ ಬಿಟ್ಟಿಲ್ಲ. ಹೊಸ ಫೋಮ್ ತುಂಡುಗಳು ಎಲ್ಲಿಂದ ಬಂದವು ಎಂದು ಅವಳು ಕೇಳಿದ್ದಾಳೆ. ಈ ಪತ್ರಿಕೆ ನಮ್ಮ ಮನೆಗೂ ಬರುತ್ತದೆ, ಮೊದಲು ಬಿಡಿಸಿ ಓದುವವಳು ಅವಳೇ.