ಗುಡ್ಡೆಯ ಕೇಪಳ

ದಕ್ಷಿಣ ಕನ್ನಡದ ಮುರಕಲ್ಲಿನ ಗುಡ್ಡೆಗಳಲ್ಲಿ ಮಣ್ಣೆಂದರೆ ಕಲ್ಲಿನ ಸಂದಿಯಲ್ಲಿ ಕೂತ ಒಂದು ಹಿಡಿ ಕೆಂಪು ಪುಡಿ, ಅಷ್ಟೆ. ಮಾರ್ಚಿನ ಬಿಸಿಲಿಗೆ ಹುಲ್ಲೆಲ್ಲ ಒಣಗಿ ತರಗಾದಾಗಲೂ ಅಲ್ಲಿ ಸೊಂಟದೆತ್ತರದ ಕೇಪಳ ಹಸಿರಾಗಿ ನಿಂತು ಗೊಂಚಲು ಗೊಂಚಲು ಹೂ ಬಿಡುತ್ತದೆ. ನೀರೆರೆದವರಿಲ್ಲ, ಗೊಬ್ಬರ ಹಾಕಿದವರಿಲ್ಲ. ಇದರ ಕುಲದ ಹೆಸರು ಇಕ್ಸೋರಾ. 500ಕ್ಕೂ ಮಿಕ್ಕಿ ಜಾತಿಗಳಿರುವ, ಕಾಫಿಯದೇ ಬಳಗದ ಕುಲ. ಬಿಳಿ ಹೂವಿನ ಮರಜಾತಿಗಳೂ ಇದರಲ್ಲುಂಟು. ನನಗೆ ಮಾತ್ರ ಗುಡ್ಡೆಯ ಈ ಕೆಂಪು ಕುಳ್ಳನೇ ಪ್ರೀತಿ.

ಒಂದು ಹೂವನ್ನು ಬಿಡಿಸಿ ಅಂಗೈಯಲ್ಲಿಟ್ಟು ನೋಡಬೇಕು. ಕೆಂಪು ದಾರದಂಥ ಉದ್ದ ಕೊಳವೆ, ತುದಿಯಲ್ಲಿ ನಾಲ್ಕು ಎಸಳು. ನಡುವೆ ಇಣುಕುವ ಶಲಾಕೆಯ ತುದಿಗೆ ಪರಾಗ ಮೆತ್ತಿರುತ್ತದೆ. ಮೊಗ್ಗಿನಲ್ಲಿರುವಾಗಲೇ ಕೇಸರಗಳು ತಮ್ಮ ಪುಡಿಯನ್ನು ಅಲ್ಲಿ ಸವರಿಟ್ಟಿರುತ್ತವೆ. ಚಿಟ್ಟೆ ಬಂದು ಅದನ್ನು ಒಯ್ದ ಮೇಲೆಯೇ ಆ ತುದಿ ಎರಡಾಗಿ ಸೀಳಿ, ಬೇರೆ ಹೂವಿನ ಪರಾಗಕ್ಕೆ ಬಾಯ್ತೆರೆಯುವುದು. ಎಂಥ ಅಚ್ಚುಕಟ್ಟು! ಕೊಳವೆಯ ತಳದಲ್ಲಿ ಜೇನು. ಅಷ್ಟು ಆಳಕ್ಕೆ ಎಟುಕುವುದು ಚಿಟ್ಟೆಯ ಉದ್ದ ಸೊಂಡಿಲಿಗೆ, ಮತ್ತೆ ಶಲಾಕೆಯನ್ನು ಮೆಲ್ಲಗೆ ಹಿಂದಿನಿಂದ ಎಳೆದು ನಾಲಿಗೆಗೆ ಒರೆಸಿಕೊಳ್ಳುವ ಮಕ್ಕಳಿಗೆ. ಹೂವಿನ ಕಾಲ ಮುಗಿದರೆ ಹಣ್ಣು: ಬಟಾಣಿಯಷ್ಟು ಗಾತ್ರ, ಮಾಗಿದಾಗ ಕಪ್ಪುಗೆಂಪು, ತುಸು ಸಿಹಿ, ತುಸು ಒಗರು. ಪಿಕಳಾರಗಳಿಗೆ ಬಿಟ್ಟು ಉಳಿದರೆ ನಮಗೆ.

ಪೇಟೆಯ ಮನೆಗಳ ಕಾಂಪೌಂಡಿನುದ್ದಕ್ಕೂ ನರ್ಸರಿಯ ಕೇಪಳ ನೆಟ್ಟಿರುತ್ತಾರೆ. ಚೆಂಡಿನಂಥ ಗೊಂಚಲು, ಹಳದಿ, ಗುಲಾಬಿ ಬಣ್ಣ, ಚೆಂದವೇ. ಆದರೆ ಗೋಡೆಗೆ ಒತ್ತಿ ನೆಟ್ಟ ಗಿಡದ ಎಲೆ ಎಷ್ಟೋ ಸಲ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಸಿಮೆಂಟಿನ ಸುಣ್ಣ ಮಣ್ಣಿಗಿಳಿದರೆ ಬೇರಿಗೆ ಕಬ್ಬಿಣ ದಕ್ಕುವುದಿಲ್ಲ. ಕೇಪಳದ ಹುಟ್ಟುಗುಣವೇ ಹುಳಿ ಮಣ್ಣಿನದು. ಮುರಕಲ್ಲಿನ ಗುಡ್ಡೆ ನಮ್ಮ ಕಣ್ಣಿಗೆ ಬರಡು, ಅದಕ್ಕೆ ಅದೇ ಊಟ. ಸೈಟು ಮಾಡಲು ಜೆಸಿಬಿ ಹತ್ತಿಸಿದಲ್ಲೆಲ್ಲ ಮೊದಲು ಕಿತ್ತು ಬೀಳುವುದೂ ಇದೇ. ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ಕೇಪಳ ಹೂವಿನ ತಂಬುಳಿಯ ಮಾತು. ಹಿಡಿ ಹೂವನ್ನು ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಹಾಕಿ ನುಣ್ಣಗೆ ಅರೆದು, ಮಜ್ಜಿಗೆಗೆ ಕಲಸುವುದು. ಕುದಿಸುವುದಿಲ್ಲ. ಮೇಲೊಂದು ಸಾಸಿವೆಯ ಒಗ್ಗರಣೆ. ಹೊಟ್ಟೆ ಕೆಟ್ಟವರಿಗೆ ಹಿರಿಯರು ಬಡಿಸುತ್ತಿದ್ದದ್ದು ಇದನ್ನು. ಹೊಟ್ಟೆ ನೆಟ್ಟಗಿರುವಾಗ ಬಿಸಿ ಕುಚ್ಚಲಕ್ಕಿ ಅನ್ನಕ್ಕೆ ಇನ್ನೂ ರುಚಿ.